ಒಂದು ಕಿಲೊಬೈಟ್‌ನಲ್ಲಿ ಚದುರಂಗ: ಕಿರುಗಣಕಗಳ ಮೊದಲ ಆಟಗಾರರು

ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರಾಗಾರಗಳಲ್ಲಿ ಹಳೆಯ ಸಿಎನ್‌ಸಿ ಯಂತ್ರಗಳನ್ನು ನಡೆಸಿದವರಿಗೆ ಗಣಕದ ಮೆಮೊರಿಯನ್ನು ಮೀಟರ್ ಲೆಕ್ಕದಲ್ಲಿ ಅಳೆಯುವ ಪದ್ಧತಿ ಹೊಸದಲ್ಲ. ಲೋಹವನ್ನು ಕಡೆಯುವ ಆದೇಶಗಳನ್ನು ಹಿಂದೆ ತೂತು ಕೊರೆದ ಕಾಗದದ ಪಟ್ಟಿಯ ಮೂಲಕ ಯಂತ್ರಕ್ಕೆ ಉಣಿಸಲಾಗುತ್ತಿತ್ತು. ಪಟ್ಟಿಯ ಒಂದು ಅಂಗುಲಕ್ಕೆ ಹತ್ತು ಅಕ್ಷರ. ಪಟ್ಟಿ ಹೋಗಿ ಚಿಪ್ ಬಂದ ಮೇಲೂ ತಯಾರಕರು ‘80 ಮೀಟರ್ ಮೆಮೊರಿ’ ಎಂದೇ ಬರೆಯುತ್ತಿದ್ದರು. ಅಂದರೆ ಸುಮಾರು 32 ಕಿಲೊಬೈಟ್. ಕೆಲಸದ ಪ್ರೋಗ್ರಾಂ ಅದಕ್ಕಿಂತ ಉದ್ದವಾದರೆ ಪಕ್ಕದಲ್ಲೊಂದು ಪಿಸಿ ಇಟ್ಟು, ಕೇಬಲ್ ಎಳೆದು, ಆದೇಶಗಳನ್ನು ತೊಟ್ಟುತೊಟ್ಟಾಗಿ ಹರಿಸಬೇಕಾಗುತ್ತಿತ್ತು.

ಆ 32 ಕಿಲೊಬೈಟ್‌ನ ಸುಮಾರು ಮೂವತ್ತನೇ ಒಂದು ಪಾಲಿನಲ್ಲಿ ಚದುರಂಗ ಆಡುವ ಪ್ರೋಗ್ರಾಂ 1976ರಲ್ಲಿಯೇ ಸಿದ್ಧವಾಗಿತ್ತು. ಆರು ವರ್ಷಗಳ ಬಳಿಕ ಇನ್ನೊಬ್ಬರು ಅದನ್ನು 672 ಬೈಟ್‌ಗಳಿಗೆ ಇಳಿಸಿದರು. ಈ ಲೇಖನದ ಒಂದು ಪ್ಯಾರಾವನ್ನು ಗಣಕದಲ್ಲಿ ಉಳಿಸಲು ಅದಕ್ಕಿಂತ ಹೆಚ್ಚು ಸ್ಥಳ ಬೇಕು. ಏಕೆಂದರೆ ಯುನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಸಾಮಾನ್ಯವಾಗಿ ಮೂರು ಬೈಟ್ ತಿನ್ನುತ್ತದೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಕಚೇರಿಗಳಲ್ಲಿ ಕುಳಿತು ವಿದ್ಯುತ್ ಮೀಟರ್, ಬಟ್ಟೆ ಒಗೆಯುವ ಯಂತ್ರ, ಕಾರಿನ ಬಾಗಿಲುಗಳೊಳಗಿನ ಚಿಪ್‌ಗಳಿಗೆ ತಂತ್ರಾಂಶ ಬರೆಯುವ ಎಂಜಿನಿಯರುಗಳು ಇಂದಿಗೂ ಬೈಟ್ ಎಣಿಸುತ್ತಾರೆ. ಅಲ್ಲಿ ಮೆಮೊರಿ ಹೆಚ್ಚಿಸುವುದೆಂದರೆ ಲಕ್ಷಾಂತರ ಘಟಕಗಳ ಬೆಲೆ ಹೆಚ್ಚಿಸಿದಂತೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟರೂ ಕೆಲಸ ನಡೆಯುತ್ತದೆ ಎಂಬ ಪ್ರಶ್ನೆಗೆ ಚದುರಂಗದ ಕಿರು ಪ್ರೋಗ್ರಾಂಗಳಷ್ಟು ಸ್ಪಷ್ಟ ಉತ್ತರ ಕೊಟ್ಟವು ಕಡಿಮೆ.

ಯಂತ್ರವಿಲ್ಲದ ಆಟ

ಮೊದಲ ಚದುರಂಗ ಪ್ರೋಗ್ರಾಂಗೆ ಮೆಮೊರಿಯೇ ಇರಲಿಲ್ಲ, ಗಣಕವೂ ಇರಲಿಲ್ಲ. ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ತಮ್ಮ ಸಹೋದ್ಯೋಗಿ ಡೇವಿಡ್ ಚಾಂಪರ್‌ನೌನ್ ಜೊತೆಗೂಡಿ 1948ರ ಸುಮಾರಿಗೆ ಕಾಗದದ ಮೇಲೆ ನಿಯಮಗಳನ್ನು ರೂಪಿಸಿದರು. 1952ರಲ್ಲಿ ಅಲಿಕ್ ಗ್ಲೆನಿ ಎಂಬ ಗಣಕ ವಿಜ್ಞಾನಿಯ ಎದುರು ಟ್ಯೂರಿಂಗ್ ತಾವೇ ಯಂತ್ರವಾಗಿ ಕುಳಿತು, ಪ್ರತಿ ನಡೆಯನ್ನೂ ಕೈಯಲ್ಲಿ ಲೆಕ್ಕ ಹಾಕಿ ಆಡಿದರು. ‘ಯಂತ್ರ’ 29ನೇ ನಡೆಯಲ್ಲಿ ಸೋತಿತು. ಇತ್ತ ಅಮೆರಿಕದ ಕ್ಲಾಡ್ ಶಾನನ್ 1950ರಲ್ಲಿ ಪ್ರಕಟಿಸಿದ ಪ್ರಬಂಧವು ಗಣಕ ಚದುರಂಗದ ತಳಹದಿ ಎನಿಸಿತು. ಎಲ್ಲ ನಡೆಗಳನ್ನೂ ಒಂದು ಆಳದವರೆಗೆ ನೋಡುವುದು ಒಂದು ದಾರಿ, ಆಯ್ದ ಕೆಲವನ್ನು ಮಾತ್ರ ಹೆಚ್ಚು ಆಳಕ್ಕೆ ನೋಡುವುದು ಇನ್ನೊಂದು ದಾರಿ ಎಂದು ಅವರು ವಿಂಗಡಿಸಿದ್ದರು.

ನಿಜವಾದ ಯಂತ್ರದ ಮೇಲೆ ಮೊದಲು ಓಡಿದ್ದು ಪೂರ್ಣ ಆಟವಲ್ಲ. 1951ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಫೆರಾಂಟಿ ಮಾರ್ಕ್ 1 ಗಣಕದಲ್ಲಿ ಡೀಟ್ರಿಶ್ ಪ್ರಿನ್ಸ್ ಬರೆದ ಪ್ರೋಗ್ರಾಂ ಎರಡು ನಡೆಗಳಲ್ಲಿ ರಾಜನನ್ನು ಕಟ್ಟಿಹಾಕುವ ಸಮಸ್ಯೆಯನ್ನು ಮಾತ್ರ ಬಿಡಿಸಬಲ್ಲದಾಗಿತ್ತು.

1956ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮೇನಿಯಾಕ್ ಗಣಕದಲ್ಲಿ ನಡೆದ ಪ್ರಯೋಗ ಈ ದೃಷ್ಟಿಯಿಂದ ಗಮನಾರ್ಹ. ಪರಮಾಣು ಬಾಂಬಿನ ಲೆಕ್ಕಕ್ಕೆಂದೇ ಕಟ್ಟಿದ ಆ ಯಂತ್ರದ ಮೆಮೊರಿ 1,024 ಪದಗಳು. ಇಂದಿನ ಲೆಕ್ಕದಲ್ಲಿ ಸುಮಾರು 5 ಕಿಲೊಬೈಟ್. ಪೂರ್ಣ ಹಲಗೆಯ ಆಟ ಅದಕ್ಕೆ ಭಾರವೆನಿಸಿದ್ದರಿಂದ ಪಾಲ್ ಸ್ಟೈನ್ ಮತ್ತು ಮಾರ್ಕ್ ವೆಲ್ಸ್ ಅವರ ತಂಡ ಹಲಗೆಯನ್ನೇ ಕತ್ತರಿಸಿತು. ಎಂಟು ಸಾಲಿನ ಬದಲು ಆರು ಸಾಲು, 64 ಮನೆಗಳ ಬದಲು 36 ಮನೆ. ಒಂಟೆಗಳಿಗೆ ಸ್ಥಾನವಿಲ್ಲ. ಹೀಗಿದ್ದೂ ಒಂದು ನಡೆಗೆ 12 ನಿಮಿಷ ಬೇಕಾಗುತ್ತಿತ್ತು. ಆಟ ಕಲಿತು ಒಂದು ವಾರವಷ್ಟೇ ಆಗಿದ್ದ ಒಬ್ಬರನ್ನು ಅದು 23 ನಡೆಗಳಲ್ಲಿ ಸೋಲಿಸಿತು. ಚದುರಂಗದಂತಹ ಆಟವೊಂದರಲ್ಲಿ ಮನುಷ್ಯನನ್ನು ಗಣಕ ಸೋಲಿಸಿದ ಮೊದಲ ಪ್ರಸಂಗವಿದು ಎಂದು ಹೇಳಲಾಗುತ್ತದೆ.

ಹತ್ತು ಡಾಲರಿನ ಕಟ್ಟು

ಮುಂದಿನ ಇಪ್ಪತ್ತು ವರ್ಷ ಚದುರಂಗವು ವಿಶ್ವವಿದ್ಯಾಲಯಗಳ ದೊಡ್ಡ ಗಣಕಗಳಲ್ಲಿ ಬೆಳೆಯಿತು. ಮನೆಯ ಮೇಜಿಗೆ ಅದನ್ನು ತಂದವರು ಕೆನಡಾದ ಟೊರೊಂಟೊದಲ್ಲಿದ್ದ ಪೀಟರ್ ಜೆನ್ನಿಂಗ್ಸ್.

1976ರಲ್ಲಿ ಎಂಓಎಸ್ ಟೆಕ್ನಾಲಜಿ ಸಂಸ್ಥೆ ಕಿಮ್-1 ಎಂಬ ಒಂದೇ ಹಲಗೆಯ ಗಣಕವನ್ನು 245 ಡಾಲರಿಗೆ ಮಾರಾಟಕ್ಕಿಟ್ಟಿತು. ಆಗಿನ ವಿನಿಮಯ ದರದಲ್ಲಿ ಸುಮಾರು 2,200 ರೂಪಾಯಿ. ಪರದೆಯಿಲ್ಲ, ಟೈಪ್ ಮಾಡುವ ಕೀಲಿಮಣೆಯಿಲ್ಲ. ಕ್ಯಾಲ್ಕುಲೇಟರಿನಂತೆ ಕಾಣುವ 23 ಗುಂಡಿಗಳು, ಕೆಂಪಾಗಿ ಬೆಳಗುವ ಆರು ಅಂಕಿಗಳ ಫಲಕ, 6502 ಪ್ರೊಸೆಸರ್. ಬಳಕೆದಾರ ಬರೆಯಬಹುದಾದ ಮೆಮೊರಿ ಒಟ್ಟು 1,152 ಬೈಟ್. ಜೆನ್ನಿಂಗ್ಸ್ ಅದರಲ್ಲಿ ಚದುರಂಗ ಬರೆದರು. ಆದೇಶಗಳಿಗೆ 924 ಬೈಟ್, ಉಳಿದದ್ದು ಆಟದ ಸ್ಥಿತಿಗೆ. ‘ಮೈಕ್ರೊಚೆಸ್’ ಎಂದು ಹೆಸರಿಟ್ಟು 1976ರ ಡಿಸೆಂಬರ್‌ನಲ್ಲಿ ಅಂಚೆಯ ಮೂಲಕ 10 ಡಾಲರಿಗೆ ಮಾರತೊಡಗಿದರು. ಗ್ರಾಹಕನ ಕೈಗೆ ಬರುತ್ತಿದ್ದುದು ಮುದ್ರಿತ ಪುಸ್ತಿಕೆ ಮತ್ತು ಸಂಕೇತಗಳ ಪಟ್ಟಿ. ಗುಂಡಿ ಒತ್ತಿ ಒತ್ತಿ ಒಂದೊಂದೇ ಬೈಟನ್ನು ತಾನೇ ತುಂಬಬೇಕಿತ್ತು. ಒಂದು ಅಂಕಿ ತಪ್ಪಿದರೂ ಆಟ ಹದಗೆಡುತ್ತಿತ್ತು.

ಆಡುವ ವಿಧಾನವೂ ವಿಚಿತ್ರ. ನಿಜವಾದ ಹಲಗೆಯೊಂದನ್ನು ಪಕ್ಕದಲ್ಲಿ ಹರಡಿಕೊಳ್ಳಬೇಕು. ಯಾವ ಮನೆಯಿಂದ ಯಾವ ಮನೆಗೆ ಎಂಬುದನ್ನು ಅಂಕಿಗಳಲ್ಲಿ ಒತ್ತಬೇಕು. ಯಂತ್ರ ಯೋಚಿಸಿ ಮೂರು ಜೋಡಿ ಅಂಕಿ ತೋರಿಸುತ್ತದೆ: ಯಾವ ಕಾಯಿ, ಎಲ್ಲಿಂದ, ಎಲ್ಲಿಗೆ. ಅದರ ಪರವಾಗಿ ಕಾಯಿಯನ್ನು ಎತ್ತಿಡುವ ಕೆಲಸವೂ ಆಟಗಾರನದೇ. ಬೇಗ ಆಡಬೇಕೆಂದರೆ ನಡೆಗೆ 3 ಸೆಕೆಂಡ್, ಸ್ವಲ್ಪ ನಿಧಾನಕ್ಕೆ 10, ಪೂರ್ಣ ಶಕ್ತಿಗೆ 100 ಸೆಕೆಂಡ್ ಎಂದು ಮೂರು ಹಂತಗಳಿದ್ದವು.

ಮೈಕ್ರೊಚೆಸ್ ಮುಂದೆ ಆ್ಯಪಲ್, ಟಿಆರ್‌ಎಸ್-80, ಪೆಟ್ ಗಣಕಗಳಿಗೂ ಬಂದು, ಹತ್ತಾರು ಸಾವಿರ ಪ್ರತಿ ಮಾರಾಟವಾಯಿತು. ಈ ಆದಾಯದ ಫಲವನ್ನು ಇಂದಿನ ಕಚೇರಿಗಳೂ ಉಣ್ಣುತ್ತಿವೆ ಎಂಬುದು ಅನೇಕರಿಗೆ ತಿಳಿದಿರಲಾರದು. ಜೆನ್ನಿಂಗ್ಸ್ ಮತ್ತು ಡಾನ್ ಫಿಲ್‌ಸ್ಟ್ರಾ ಸೇರಿ ನಡೆಸುತ್ತಿದ್ದ ಪರ್ಸನಲ್ ಸಾಫ್ಟ್‌ವೇರ್ ಸಂಸ್ಥೆ 1979ರಲ್ಲಿ ‘ವಿಸಿಕ್ಯಾಲ್ಕ್’ ಅನ್ನು ಮಾರುಕಟ್ಟೆಗೆ ತಂದಿತು. ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ಅದು. ಅದರ ಹಿಂದೆ ಇದ್ದ ಹಣದಲ್ಲಿ ಚದುರಂಗದ ಪಾಲು ದೊಡ್ಡದು.

ಅಂಚು ಕಾಯುವ 88

ಒಂದು ಕಿಲೊಬೈಟ್‌ನಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿತು? ಮೊದಲ ಉತ್ತರ ಹಲಗೆಯನ್ನು ಬರೆದಿಡುವ ಕ್ರಮದಲ್ಲಿದೆ. ಸಹಜವಾಗಿ ಯೋಚಿಸುವವರು 64 ಮನೆಗಳಿಗೆ 64 ಬೈಟ್ ಕೊಡುತ್ತಾರೆ. ಜೆನ್ನಿಂಗ್ಸ್ ಮನೆಗಳನ್ನು ಬಿಟ್ಟು ಕಾಯಿಗಳನ್ನು ಬರೆದಿಟ್ಟರು. ತನ್ನ ಹದಿನಾರು, ಎದುರಾಳಿಯ ಹದಿನಾರು, ಒಟ್ಟು 32 ಕಾಯಿ; ಪ್ರತಿಯೊಂದೂ ಎಲ್ಲಿದೆ ಎಂಬುದಕ್ಕೆ ಒಂದು ಬೈಟ್. ಅರ್ಧದಷ್ಟು ಜಾಗ ಉಳಿಯಿತು. ಪ್ರತಿಯಾಗಿ ತೆರಬೇಕಾದ ಬೆಲೆಯೂ ಇತ್ತು: ಒಂದು ಮನೆಯಲ್ಲಿ ಯಾರಿದ್ದಾರೆ ಎಂದು ತಿಳಿಯಲು ಪ್ರತಿ ಸಲವೂ ಇಡೀ ಪಟ್ಟಿಯನ್ನು ತಡಕಬೇಕು.

ಮನೆಗಳಿಗೆ ಸಂಖ್ಯೆ ಕೊಟ್ಟ ರೀತಿ ಇನ್ನೂ ಜಾಣತನದ್ದು. ಗಣಕಗಳು ಬಳಸುವ ಹದಿನಾರರ ಎಣಿಕೆಯಲ್ಲಿ ಒಂದು ಬೈಟ್ ಎರಡು ಅಂಕಿಗಳಾಗಿ ಒಡೆಯುತ್ತದೆ. ಮೊದಲ ಅಂಕಿ ಅಡ್ಡಸಾಲು, ಎರಡನೆಯದು ಕಂಬಸಾಲು. ಎರಡೂ 0ಯಿಂದ 7ರವರೆಗೆ. ಆಗ ಮೂಲೆಯ ಮನೆ 00, ಎದುರು ಮೂಲೆ 77. ಒಂದು ಮನೆ ಮುಂದೆ ಹೋಗಲು 10 ಕೂಡಿಸಿದರೆ ಸಾಕು, ಬಲಕ್ಕೆ ಹೋಗಲು 1, ಕುದುರೆಯ ಒಂದು ನೆಗೆತಕ್ಕೆ 12. ಈಗ 06ನೇ ಮನೆಯ ಕುದುರೆ ಬಲಕ್ಕೆ ನೆಗೆದರೆ 18 ಬರುತ್ತದೆ. 8ನೇ ಕಂಬಸಾಲು ಹಲಗೆಯಲ್ಲಿಲ್ಲ. 30ನೇ ಮನೆಯ ರಾಜ ಎಡಕ್ಕೆ ಸರಿದರೆ 2ಎಫ್, ಅದೂ ಇಲ್ಲ. ಹಲಗೆಯಿಂದ ಹೊರಗೆ ಕಾಲಿಟ್ಟ ಪ್ರತಿ ಸಂಖ್ಯೆಯಲ್ಲೂ ಎರಡರಲ್ಲಿ ಒಂದು ಅಂಕಿ 8 ಅಥವಾ ಅದಕ್ಕಿಂತ ಹೆಚ್ಚಾಗಿರುತ್ತದೆ. ಆದ್ದರಿಂದ 88 ಎಂಬ ಸಂಖ್ಯೆಯೊಂದಿಗೆ ಒಂದೇ ಒಂದು ತಾಳೆ ನೋಡಿದರೆ ನಾಲ್ಕೂ ಅಂಚುಗಳ ಕಾವಲು ಮುಗಿಯಿತು. ಈ ಉಪಾಯ ಮುಂದೆ ದಶಕಗಳ ಕಾಲ ಹವ್ಯಾಸಿ ಚದುರಂಗ ಪ್ರೋಗ್ರಾಂಗಳ ಮೊದಲ ಪಾಠವಾಗಿತ್ತು.

ರಾಜನ ಎಂಟು ದಿಕ್ಕು, ಕುದುರೆಯ ಎಂಟು ನೆಗೆತ, ಒಟ್ಟು ಹದಿನಾರು ಹೆಜ್ಜೆಗಳ ಚಿಕ್ಕ ಪಟ್ಟಿಯೊಂದರಿಂದಲೇ ಎಲ್ಲ ಕಾಯಿಗಳೂ ನಡೆಯುತ್ತಿದ್ದವು. ಮಂತ್ರಿ, ಆನೆ, ಒಂಟೆಗಳು ಅದೇ ದಿಕ್ಕುಗಳಲ್ಲಿ ತಡೆ ಸಿಗುವವರೆಗೆ ಹೆಜ್ಜೆ ಹಾಕುತ್ತವೆ, ಅಷ್ಟೇ. ಕಾಯಿಗಳ ಬೆಲೆಗೆ ಹದಿನಾರು ಬೈಟ್: ಕಾಲಾಳಿಗೆ 2, ಕುದುರೆ ಮತ್ತು ಒಂಟೆಗೆ 4, ಆನೆಗೆ 6, ಮಂತ್ರಿಗೆ 10. ಆರಂಭದ ನಡೆಗಳಿಗೆಂದು 28 ಬೈಟ್ ಮೀಸಲಾಗಿತ್ತು. ಒಂದು ಆರಂಭವನ್ನು ಮಾತ್ರ ಅದರಲ್ಲಿ ಇಡಬಹುದು. ಬೇರೆಯದು ಬೇಕಿದ್ದರೆ ಹಳೆಯದರ ಮೇಲೆಯೇ ತುಂಬಬೇಕು.

ಯೋಚನೆಯನ್ನು ನಡೆಸುವ ಭಾಗಕ್ಕೆ ಜೆನ್ನಿಂಗ್ಸ್ ಇಟ್ಟ ಹೆಸರು ಜೇನಸ್, ಹಿಂದೆಯೂ ಮುಂದೆಯೂ ಮುಖವುಳ್ಳ ರೋಮನ್ ದೇವತೆ. ಹೆಸರು ಸಾರ್ಥಕ. ತನ್ನ ನಡೆಯನ್ನು ಹುಡುಕುವ ಆದೇಶಗಳೇ, ಹಲಗೆಯನ್ನು ತಿರುಗಿಸಿಕೊಂಡು ಎದುರಾಳಿಯ ಉತ್ತರವನ್ನೂ ಹುಡುಕುತ್ತಿದ್ದವು. ಒಮ್ಮೆ ಬರೆದದ್ದನ್ನು ಎರಡು ಬಾರಿ ದುಡಿಸಿಕೊಳ್ಳುವುದು ಕಿರುಗಣಕದ ಮೊದಲ ಧರ್ಮ.

ಮರವನ್ನು ಹೊತ್ತು ತಿರುಗಬೇಕಿಲ್ಲ

ಚದುರಂಗವೆಂದರೆ ಅಪಾರ ಸಾಧ್ಯತೆಗಳ ಆಟ, ಅದಕ್ಕೆ ಅಪಾರ ಮೆಮೊರಿ ಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧ ಮಾತ್ರ ನಿಜ. ಆಟದ ಮಧ್ಯದಲ್ಲಿ ಒಬ್ಬ ಆಟಗಾರನಿಗೆ ಸರಾಸರಿ 35 ನಡೆಗಳು ತೆರೆದಿರುತ್ತವೆ ಎಂದಿಟ್ಟುಕೊಂಡರೆ, ಎರಡೂ ಕಡೆಯ ಒಟ್ಟು ನಾಲ್ಕು ನಡೆ ಮುಂದೆ ನೋಡಲು 15 ಲಕ್ಷ ಸ್ಥಿತಿಗಳನ್ನು ಪರಿಶೀಲಿಸಬೇಕು. ಆದರೆ ಅವನ್ನೆಲ್ಲ ನೆನಪಿಡಬೇಕಿಲ್ಲ. ಒಂದು ದಾರಿಯಲ್ಲಿ ನಾಲ್ಕು ಹೆಜ್ಜೆ ಇಳಿದು, ಬೆಲೆ ಕಟ್ಟಿ, ಒಂದು ಹೆಜ್ಜೆ ಹಿಂದೆ ಬಂದು, ಪಕ್ಕದ ದಾರಿ ಹಿಡಿದರಾಯಿತು. ನೆನಪಿನಲ್ಲಿರಬೇಕಾದದ್ದು ಇಳಿದ ನಾಲ್ಕು ಹೆಜ್ಜೆಗಳು ಮತ್ತು ಇದುವರೆಗೆ ಕಂಡ ಉತ್ತಮ ನಡೆ. ಅಡಿಕೆ ಮರ ಹತ್ತುವವನು ಇಡೀ ತೋಟವನ್ನು ಹೊತ್ತು ಹತ್ತುವುದಿಲ್ಲವಷ್ಟೆ.

ಆದ್ದರಿಂದ ಕಿರುಗಣಕಕ್ಕೆ ನಿಜವಾಗಿ ಕೊರತೆಯಾದದ್ದು ಸಮಯ. ಅದಕ್ಕೂ ಒಂದು ಪರಿಹಾರ 1950ರ ದಶಕದಿಂದಲೇ ಬೆಳೆದುಬಂದಿತ್ತು. ಆಲ್ಫಾ-ಬೀಟಾ ಎಂದು ಕರೆಯುವ ಈ ಕ್ರಮದಲ್ಲಿ, ಒಂದು ನಡೆಗೆ ಎದುರಾಳಿಯ ಬಳಿ ಒಳ್ಳೆಯ ಉತ್ತರವೊಂದು ಇದೆ ಎಂದು ಗೊತ್ತಾದ ಕೂಡಲೇ ಉಳಿದ ಉತ್ತರಗಳನ್ನು ನೋಡದೆ ಕೈಬಿಡಲಾಗುತ್ತದೆ. ನಡೆಗಳ ಅನುಕ್ರಮ ಅತ್ಯುತ್ತಮವಾಗಿದ್ದರೆ ಮೇಲೆ ಹೇಳಿದ 15 ಲಕ್ಷದ ಲೆಕ್ಕ 2,449ಕ್ಕೆ ಇಳಿಯುತ್ತದೆ. ಇದಕ್ಕೆ ಹೆಚ್ಚುವರಿಯಾಗಿ ಬೇಕಾದ ಮೆಮೊರಿ ಕೆಲವೇ ಬೈಟ್. ಇಂದಿನ ಪ್ರಬಲ ಪ್ರೋಗ್ರಾಂಗಳು ಒಮ್ಮೆ ಕಂಡ ಸ್ಥಿತಿಗಳನ್ನು ದೊಡ್ಡ ಕೋಷ್ಟಕದಲ್ಲಿ ಬರೆದಿಟ್ಟುಕೊಂಡು ಮರುಲೆಕ್ಕ ತಪ್ಪಿಸುತ್ತವೆ. ಅಂದರೆ ಅವು ಮೆಮೊರಿ ಕೊಟ್ಟು ಸಮಯ ಕೊಳ್ಳುತ್ತವೆ. ಕಿರುಗಣಕಗಳು ಸಮಯ ಕೊಟ್ಟು ಮೆಮೊರಿ ಉಳಿಸುತ್ತಿದ್ದವು.

ಪೆಟ್ಟಿಗೆಯೊಳಗಿನ ಆಟಗಾರ

1977ರಲ್ಲಿ ಫಿಡೆಲಿಟಿ ಸಂಸ್ಥೆಯ ಚೆಸ್ ಚಾಲೆಂಜರ್ ಬಂತು. ಚದುರಂಗ ಮಾತ್ರ ಆಡುವ ಈ ಪೆಟ್ಟಿಗೆಯ ಮೊದಲ ಮಾದರಿಯಲ್ಲಿ ಅಕ್ಷರ ಬರೆಯಬೇಕಾದ ಕಡೆ ಅಂಕಿ, ಅಂಕಿ ಬರೆಯಬೇಕಾದ ಕಡೆ ಅಕ್ಷರ ಇತ್ತು. 1978ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಕಿರುಗಣಕಗಳಿಗೆಂದೇ ಪಂದ್ಯಾವಳಿ ನಡೆದು, ಡಾನ್ ಮತ್ತು ಕ್ಯಾಥಿ ಸ್ಪ್ರಾಕ್ಲೆನ್ ದಂಪತಿಯ ‘ಸಾರ್ಗನ್’ ಗೆದ್ದಿತು. ಅದರ ಸಂಪೂರ್ಣ ಸಂಕೇತ ಪುಸ್ತಕವಾಗಿ ಹೊರಬಂದದ್ದರಿಂದ ಅನೇಕರು ಅದನ್ನು ಓದಿಯೇ ಈ ವಿದ್ಯೆ ಕಲಿತರು.

ಮೆಮೊರಿಯ ಬಡತನದಲ್ಲಿ ಇವೆಲ್ಲವನ್ನೂ ಮೀರಿಸಿದ್ದು ಟಿವಿಗೆ ಜೋಡಿಸುವ ಅಟಾರಿ ಆಟದ ಪೆಟ್ಟಿಗೆ. ಅದರ ಬರೆಯಬಹುದಾದ ಮೆಮೊರಿ 128 ಬೈಟ್ ಮಾತ್ರ. ಲ್ಯಾರಿ ವ್ಯಾಗ್ನರ್ ಮತ್ತು ಬಾಬ್ ವೈಟ್‌ಹೆಡ್ 1979ರಲ್ಲಿ ಹೊರತಂದ ‘ವಿಡಿಯೊ ಚೆಸ್’ನ ಆದೇಶಗಳು 4 ಕಿಲೊಬೈಟ್‌ನ ಕಾರ್ಟ್ರಿಜ್‌ನಲ್ಲಿದ್ದವು, ಆಟದ ಸ್ಥಿತಿ, ಯೋಚನೆ ಎಲ್ಲವೂ ಆ 128 ಬೈಟ್‌ನಲ್ಲಿ. ಈ ಪೆಟ್ಟಿಗೆಗೆ ಚಿತ್ರವನ್ನು ಇರಿಸಿಕೊಳ್ಳುವ ಮೆಮೊರಿಯೇ ಇಲ್ಲ. ಟಿವಿಯ ಕಿರಣ ಪರದೆಯ ಮೇಲೆ ಗೆರೆ ಎಳೆಯುತ್ತಿರುವಾಗಲೇ ಪ್ರೊಸೆಸರ್ ಆಯಾ ಗೆರೆಯ ಬಣ್ಣ ಹೇಳುತ್ತಾ ಹೋಗಬೇಕು. ಚದುರಂಗದ ಯೋಚನೆ ಶುರುವಾದರೆ ಚಿತ್ರ ಬಿಡಿಸಲು ಪುರುಸೊತ್ತಿಲ್ಲ. ಹೀಗಾಗಿ ಯಂತ್ರ ಯೋಚಿಸುವಷ್ಟು ಹೊತ್ತು ಹಲಗೆ ಮಾಯವಾಗಿ ಪರದೆಯಲ್ಲಿ ಬಣ್ಣಗಳು ಮಾತ್ರ ಮಿನುಗುತ್ತಿದ್ದವು. ಅತ್ಯಂತ ಕಠಿಣ ಹಂತದಲ್ಲಿ ಈ ಮಿನುಗು ಗಂಟೆಗಟ್ಟಲೆ ನಡೆಯುತ್ತಿತ್ತು.

672 ಬೈಟ್

1981ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆ ಜೆಡ್‌ಎಕ್ಸ್81 ಎಂಬ ಅಗ್ಗದ ಗಣಕವನ್ನು ಬಿಡುಗಡೆ ಮಾಡಿತು. ಮೆಮೊರಿ 1 ಕಿಲೊಬೈಟ್. ಅದರಲ್ಲೂ 125 ಬೈಟನ್ನು ಯಂತ್ರ ತನ್ನ ಸ್ವಂತ ವ್ಯವಹಾರಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ಪರದೆ ತುಂಬ ಅಕ್ಷರ ತೋರಿಸಿದರೆ 793 ಬೈಟ್ ಅದಕ್ಕೇ ಹೋಗುತ್ತದೆ. ಮಿಕ್ಕದ್ದರಲ್ಲಿ ಚದುರಂಗ ಬರೆಯುವುದೆಂದರೆ ನೂರು ಚದರಡಿಯ ಕೋಣೆಯಲ್ಲಿ ಮದುವೆ ಮಾಡಿದಂತೆ.

ಡೇವಿಡ್ ಹಾರ್ನ್ ಆ ಮದುವೆ ಮಾಡಿ ತೋರಿಸಿದರು. ಆರ್ಟಿಕ್ ಕಂಪ್ಯೂಟಿಂಗ್ ಸಂಸ್ಥೆ 1982ರಲ್ಲಿ ಮಾರಿದ ಅವರ ‘1ಕೆ ಜೆಡ್‌ಎಕ್ಸ್ ಚೆಸ್’ ಕೇವಲ 672 ಬೈಟ್‌ನದು. ಅದು ಹಲಗೆಯನ್ನು ಪರದೆಯಲ್ಲಿ ತೋರಿಸುತ್ತಿತ್ತು, ಎದುರಾಳಿಯ ತಪ್ಪು ನಡೆಯನ್ನು ಒಪ್ಪುತ್ತಿರಲಿಲ್ಲ, ತಾನೂ ಆಡುತ್ತಿತ್ತು. ‘ಯುವರ್ ಕಂಪ್ಯೂಟರ್’ ಪತ್ರಿಕೆ 1983ರ ಆರಂಭದ ಸಂಚಿಕೆಗಳಲ್ಲಿ ಅದರ ಸಂಕೇತವನ್ನು ವಿವರಣೆಸಹಿತ ಪ್ರಕಟಿಸಿತು. ಆಟದ ಮಟ್ಟ ತೀರಾ ಸಾಧಾರಣ ಎನ್ನಲು ಅಡ್ಡಿಯಿಲ್ಲ. ಆದರೆ ಅತಿ ಚಿಕ್ಕ ಚದುರಂಗ ಪ್ರೋಗ್ರಾಂ ಎಂಬ ದಾಖಲೆ ಅದರ ಹೆಸರಿನಲ್ಲೇ ಮೂರು ದಶಕಕ್ಕೂ ಹೆಚ್ಚು ಕಾಲ ಉಳಿಯಿತು.

ಬಿಟ್ಟುಹೋದ ನಿಯಮಗಳು

ಮೈಕ್ರೊಚೆಸ್‌ನ ಮೊದಲ ಆವೃತ್ತಿ ತಾನಾಗಿ ಕ್ಯಾಸ್ಲಿಂಗ್ ಮಾಡುತ್ತಿರಲಿಲ್ಲ. ಹಾರ್ನ್ ಅವರ ಪ್ರೋಗ್ರಾಂಗೂ ಅದು ಬಾರದು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಸಿಗುವ ಬಡ್ತಿ, ಎನ್ ಪಾಸಾಂ ಹೊಡೆತಗಳೂ ಅದರಲ್ಲಿಲ್ಲ. ಇದನ್ನು ಚದುರಂಗ ಎನ್ನಬಹುದೇ ಎಂಬ ಆಕ್ಷೇಪ ಅಂದಿನಿಂದಲೂ ಇದೆ.

ಬಿಟ್ಟದ್ದಕ್ಕೆ ತರ್ಕವಿದೆ. ಉಳಿದ ನಿಯಮಗಳಿಗೆ ಹಲಗೆಯ ಈಗಿನ ಸ್ಥಿತಿ ಗೊತ್ತಿದ್ದರೆ ಸಾಕು. ಕ್ಯಾಸ್ಲಿಂಗ್‌ಗೆ ಇತಿಹಾಸ ಬೇಕು: ರಾಜ ಈ ಮೊದಲು ಕದಲಿದ್ದಾನೆಯೇ, ಆನೆ ಕದಲಿದೆಯೇ? ಎನ್ ಪಾಸಾಂಗೆ ಎದುರಾಳಿಯ ಹಿಂದಿನ ನಡೆ ನೆನಪಿರಬೇಕು. ಒಂದೇ ಸ್ಥಿತಿ ಮೂರು ಬಾರಿ ಮರುಕಳಿಸಿದರೆ ಡ್ರಾ ಎಂಬ ನಿಯಮಕ್ಕಂತೂ ಇಡೀ ಆಟದ ದಾಖಲೆಯೇ ಬೇಕು. ಮೆಮೊರಿ ಇಲ್ಲದವನಿಗೆ ಗತಕಾಲವೂ ಇಲ್ಲ. ಬಡ್ತಿಯ ಮಾತು ಬೇರೆ. ಅದನ್ನು ಬಿಟ್ಟದ್ದು ಶುದ್ಧ ಜಾಗದ ಅಭಾವದಿಂದ, ಮತ್ತು ಆಟದ ಅಂತ್ಯಭಾಗಕ್ಕೆ ಅದು ದೊಡ್ಡ ನಷ್ಟವೇ.

ಆದರೆ ನಮ್ಮ ಹಳ್ಳಿಗಳ ಜಗಲಿಯಲ್ಲಿ ಆಡುತ್ತಿದ್ದ ದೇಸಿ ಚದುರಂಗವನ್ನು ನೆನೆದರೆ ಈ ಆಕ್ಷೇಪದ ಬಿಸಿ ಸ್ವಲ್ಪ ತಗ್ಗುತ್ತದೆ. ಅಲ್ಲಿ ಕಾಲಾಳು ಮೊದಲ ಬಾರಿಯೂ ಒಂದೇ ಮನೆ ನಡೆಯುತ್ತದೆ. ಹಾಗಾಗಿ ಎನ್ ಪಾಸಾಂ ಪ್ರಶ್ನೆಯೇ ಹುಟ್ಟುವುದಿಲ್ಲ. ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಆಟದಲ್ಲಿ ಒಮ್ಮೆ ಕುದುರೆಯಂತೆ ನೆಗೆಯಬಹುದು. ಯುರೋಪಿನ ನಿಯಮಗಳನ್ನು ಕೈಬಿಟ್ಟು ಆಡಿದ ಕಿರುಗಣಕ ಆ ಮಟ್ಟಿಗೆ ಅಜ್ಜಂದಿರ ಆಟಕ್ಕೆ ಹತ್ತಿರವಾಗಿತ್ತು ಎನ್ನಬಹುದು.

ಬೆಂಗಳೂರಿನ ಅಂಚಿನಲ್ಲಿ

ಸಾರ್ಗನ್ ಗೆದ್ದ 1978ರಲ್ಲಿಯೇ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಅದರ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಆದರೆ ಮನೆಗಣಕ ಎಂಬುದು ಆಗ ಇಲ್ಲಿನ ಮಧ್ಯಮವರ್ಗಕ್ಕೆ ಎಟುಕುವ ವಸ್ತುವಾಗಿರಲಿಲ್ಲ. ಆಮದಿನ ನಿರ್ಬಂಧ, ಸುಂಕ ಎರಡೂ ಬಿಗಿಯಾಗಿದ್ದವು. 1984ರ ನವೆಂಬರ್‌ನಲ್ಲಿ ಕೇಂದ್ರದ ಹೊಸ ಗಣಕ ನೀತಿ ಬಂದ ಮೇಲಷ್ಟೇ ಬಾಗಿಲು ಸಡಿಲವಾಯಿತು. ಅದೇ ಶೈಕ್ಷಣಿಕ ವರ್ಷ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ 32 ಕಿಲೊಬೈಟ್‌ನ ಬಿಬಿಸಿ ಮೈಕ್ರೊ ಗಣಕಗಳು ಬಂದವು. ದಶಕದ ಕೊನೆಯಲ್ಲಿ ಪುಣೆಯ ಡೆಸಿಬೆಲ್ಸ್ ಸಂಸ್ಥೆ ಸಿಂಕ್ಲೇರ್‌ನ ಸ್ಪೆಕ್ಟ್ರಮ್ ಗಣಕವನ್ನು ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿತು.

ರಾಜ್ಯದ ಬಹುಪಾಲು ಎಂಜಿನಿಯರುಗಳು ಕಿಲೊಬೈಟ್‌ನ ಬಿಸಿ ಕಂಡದ್ದು ಮಾತ್ರ ಮನೆಯಲ್ಲಲ್ಲ, ಕಾಲೇಜಿನ ಮೈಕ್ರೊಪ್ರೊಸೆಸರ್ ಪ್ರಯೋಗಾಲಯದಲ್ಲಿ. ಮೈಕ್ರೊಚೆಸ್ ಹುಟ್ಟಿದ 1976ರಲ್ಲಿಯೇ ಬಂದ ಇಂಟೆಲ್ 8085 ಚಿಪ್ಪಿನ ತರಬೇತಿ ಕಿಟ್‌ಗಳು ಇಲ್ಲಿನ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದವು. ಹದಿನಾರರ ಎಣಿಕೆಯ ಗುಂಡಿಗಳು, ವಿಳಾಸಕ್ಕೆ ನಾಲ್ಕು, ಮಾಹಿತಿಗೆ ಎರಡು, ಹೀಗೆ ಆರು ಕೆಂಪು ಅಂಕಿಗಳು. ಕಿಮ್-1 ಹಲಗೆಯ ಚಿತ್ರ ನೋಡಿದರೆ ಆ ಕಾಲದ ವಿದ್ಯಾರ್ಥಿಗಳಿಗೆ ತಮ್ಮ ಪ್ರಯೋಗಾಲಯವೇ ನೆನಪಾಗುವುದು ಸಹಜ. ವೈವಾ ಪರೀಕ್ಷೆಯಲ್ಲಿ ಎರಡು ಸಂಖ್ಯೆಗಳ ಗುಣಾಕಾರಕ್ಕೇ ತಡವರಿಸಿದವರಿಗೆ, ಅಂಥದ್ದೇ ಹಲಗೆಯಲ್ಲಿ ಒಬ್ಬರು ಚದುರಂಗ ಬರೆದಿದ್ದರು ಎಂಬುದು ತಡವಾಗಿ ತಿಳಿಯುವ ಸಂಗತಿ. ಪಠ್ಯಕ್ರಮದಲ್ಲಿ ಈ ಚರಿತ್ರೆಗೆ ಒಂದು ಪುಟವಾದರೂ ಮೀಸಲಾಗಿದ್ದರೆ ಆ ಪ್ರಯೋಗಾಲಯ ಅಷ್ಟು ನೀರಸವೆನಿಸುತ್ತಿರಲಿಲ್ಲ.

ಕಿರು ಹಲಗೆಯಲ್ಲಿ ಬರೆದು ನೋಡಲು ತಕ್ಕ ಸಮಸ್ಯೆಯೊಂದು ಮೈಸೂರಿನಲ್ಲೇ ಇತ್ತು. ಕುದುರೆಯೊಂದು 64 ಮನೆಗಳನ್ನೂ ತಲಾ ಒಂದೇ ಬಾರಿ ಮುಟ್ಟಿ ಬರಬೇಕೆಂಬ ಒಗಟು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ ಪ್ರಿಯವಾಗಿತ್ತು. 1868ರಲ್ಲಿ ತೀರಿಕೊಂಡ ಈ ಅರಸರು ಅಂತಹ ನಡೆಗಳನ್ನು ತಾವೇ ರಚಿಸಿದ್ದರು. ಮನೆಗಳಿಗೆ ಕ್ರಮವಾಗಿ ಸಂಖ್ಯೆ ಬರೆದರೆ ಸಾಲುಗಳ ಮೊತ್ತ ಒಂದೇ ಬರುವಂಥ ಮಾಯಾಚೌಕದ ನಡೆಗಳೂ ಅವುಗಳಲ್ಲಿವೆ. ಇದನ್ನು ಗಣಕಕ್ಕೆ ಒಪ್ಪಿಸಲು ಹಲಗೆಗೆ 64 ಬೈಟ್, ನೆಗೆತಗಳಿಗೆ ಎಂಟು ಬೈಟ್ ಸಾಕು. ಮುಂದಿನ ದಾರಿಗಳು ಅತ್ಯಂತ ಕಡಿಮೆ ಇರುವ ಮನೆಗೆ ಮೊದಲು ಹೋಗಬೇಕೆಂಬ ಸೂತ್ರವನ್ನು ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿಯೇ ಕೊಟ್ಟಿದ್ದರು.

ಕಿಲೊಬೈಟ್‌ನ ಲೆಕ್ಕ 2000ದ ದಶಕದಲ್ಲಿ ಇನ್ನೊಮ್ಮೆ ಮರಳಿತು. ನೋಕಿಯಾದ ಮೊದಲ ಜಾವಾ ಫೋನ್‌ಗಳಲ್ಲಿ ಒಂದು ಆಟದ ಕಡತ 64 ಕಿಲೊಬೈಟ್ ಮೀರುವಂತಿರಲಿಲ್ಲ. ಚಿತ್ರ, ಸದ್ದು, ಮೆನು ಎಲ್ಲ ಸೇರಿ ಅಷ್ಟೇ. ಬಸ್ಸಿನಲ್ಲಿ ಕುಳಿತು ಆ ಪುಟ್ಟ ಪರದೆಯಲ್ಲಿ ಚದುರಂಗ ಆಡಿದವರು ಜೆನ್ನಿಂಗ್ಸ್ ಪರಂಪರೆಯ ಪ್ರೋಗ್ರಾಂಗಳ ಎದುರೇ ಆಡಿದ್ದರು.

ಇನ್ನೂ ಕುಗ್ಗುತ್ತಿರುವ ಹಲಗೆ

ಇನ್ನೊಂದು ತುದಿಯಲ್ಲಿ ಯಂತ್ರಗಳು ಬೆಳೆಯುತ್ತಲೇ ಹೋದವು. 1997ರಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂನ ಡೀಪ್ ಬ್ಲೂ ಗಣಕದಲ್ಲಿ ಚದುರಂಗಕ್ಕೆಂದೇ ಮಾಡಿದ 480 ಚಿಪ್‌ಗಳಿದ್ದವು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳ ಪರಿಶೀಲನೆ ಅದರ ಸಾಮರ್ಥ್ಯ. ಅದರ ಪೂರ್ವಜವಾದ ಚಿಪ್‌ಟೆಸ್ಟ್ ಮತ್ತು ಡೀಪ್ ಥಾಟ್ ಯಂತ್ರಗಳನ್ನು ಕಟ್ಟಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡದಲ್ಲಿ ವಾರಾಣಸಿಯಲ್ಲಿ ಎಂಜಿನಿಯರಿಂಗ್ ಓದಿದ ಥಾಮಸ್ ಅನಂತರಾಮನ್ ಇದ್ದರು.

ಹಾರ್ನ್ ಅವರ ದಾಖಲೆ ಮುರಿದದ್ದು 2015ರ ಜನವರಿಯಲ್ಲಿ. ಫ್ರಾನ್ಸಿನ ಒಲಿವಿಯೆ ಪೂದಾದ್ ಬರೆದ ‘ಬೂಟ್‌ಚೆಸ್’ 487 ಬೈಟ್‌ನದು. ಪಿಸಿ ಶುರುವಾಗುವಾಗ ಡಿಸ್ಕ್‌ನಿಂದ ಮೊದಲು ಓದುವ 512 ಬೈಟ್‌ಗಳ ತುಣುಕಿನಲ್ಲೇ ಅದು ಕೂರುತ್ತದೆ. ಕೆಲವೇ ವಾರಗಳಲ್ಲಿ ಮೆಕ್ಸಿಕೊದ ಆಸ್ಕರ್ ಟೊಲೆಡೊ 400 ಬೈಟ್‌ಗೂ ಕೆಳಗಿಳಿದರು. ಆ ಬಳಿಕ 300 ಬೈಟ್‌ನ ಗೆರೆಯೂ ದಾಟಿಹೋಗಿದೆ. ಇವುಗಳಲ್ಲಿ ಯಾವುದೂ ಸಮರ್ಥ ಆಟಗಾರನಲ್ಲ, ನಿಯಮಗಳ ಕಡಿತ ಮೊದಲಿಗಿಂತ ಹೆಚ್ಚೇ ಇದೆ. ಒಂದು ಮಿತಿಯ ನಂತರ ಇದು ಚದುರಂಗಕ್ಕಿಂತ ಬೈಟ್ ಉಳಿತಾಯದ ಸ್ಪರ್ಧೆಯಾಗಿ ಉಳಿಯುತ್ತದೆ.

ಕಲಿಯುವವರಿಗೆ ಹೆಚ್ಚು ಉಪಯುಕ್ತವಾದದ್ದು ನೆದರ್‌ಲೆಂಡ್ಸ್‌ನ ಎಚ್.ಜಿ. ಮುಲ್ಲರ್ ಅವರ ‘ಮೈಕ್ರೊ-ಮ್ಯಾಕ್ಸ್’. ಸಿ ಭಾಷೆಯಲ್ಲಿ, ನೂರೈವತ್ತಕ್ಕೂ ಕಡಿಮೆ ಸಾಲುಗಳಲ್ಲಿ ಇದನ್ನು ಬರೆಯಲಾಗಿದೆ. ಅಂಚು ಕಾಯಲು ಇಲ್ಲಿಯೂ ಅದೇ 88ರ ಉಪಾಯ. 2 ಕಿಲೊಬೈಟ್ ಮೆಮೊರಿಯ ಆರ್ಡುಯಿನೊ ಹಲಗೆಯ ಮೇಲೂ ಹವ್ಯಾಸಿಗಳು ಇದನ್ನು ಓಡಿಸಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ಹಲಗೆ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ.

128 ಬೈಟ್‌ನ ಅಟಾರಿ ಚದುರಂಗ 2025ರ ಜೂನ್‌ನಲ್ಲಿ ಮತ್ತೆ ಸುದ್ದಿಯಾಯಿತು. ಅಮೆರಿಕದ ಎಂಜಿನಿಯರ್ ಒಬ್ಬರು ಹಳೆಯ ಆಟವನ್ನು ಎಮ್ಯುಲೇಟರಿನಲ್ಲಿ ಓಡಿಸಿ ಚಾಟ್‌ಜಿಪಿಟಿಯ ಎದುರು ನಿಲ್ಲಿಸಿದರು. ಅಟಾರಿಗೆ ಕೊಟ್ಟದ್ದು ಹೊಸಬರ ಹಂತ. ದೈತ್ಯ ದತ್ತಾಂಶ ಕೇಂದ್ರಗಳ ಬೆಂಬಲವಿದ್ದ ಚಾಟ್‌ಜಿಪಿಟಿ ಕಾಯಿಗಳು ಎಲ್ಲಿವೆ ಎಂಬುದನ್ನೇ ಮತ್ತೆ ಮತ್ತೆ ಮರೆತು, ಆನೆಯನ್ನು ಒಂಟೆ ಎಂದು ಭಾವಿಸಿ, ಆಟ ಸೋತಿತು.